ರಾಜಕುಮಾರಿಯ ಎರಡನೇ ಹೆಬ್ಬೆರಳು

ನಮ್ಮ ಅತ್ಯಾ ನೋಡಿದಷ್ಟು ಕಾದಂಬರಿಗಳನ್ನು ಇಡೀ ಬೆಂಗಳೂರಿನಲ್ಲಿ ಯಾವ ಪಂಡಿತರೂ ನೋಡಿರಲಾರರು. ಗಮನಿಸಿ, ‘ನೋಡಿದಷ್ಟು’ ಅಂದೆ, ‘ಓದಿದಷ್ಟು’ ಅನ್ನಲಿಲ್ಲ! ಓದಿದ್ದು ಒಂದೂ ಇಲ್ಲ. ಅವಳಿಗೆ ಪುಸ್ತಕವೆಂದರೆ ಮುಖಪುಟ. ಅದರ ಹಿಂದೆ ಅಂಟಿಕೊಂಡಿರುವ ನೂರಿನ್ನೂರು ಹಾಳೆಗಳು ಮುಖಪುಟ ಬಾಗದಂತೆ ಕೊಟ್ಟ ಒತ್ತಾಸೆ, ಅಷ್ಟೆ.

ಅತ್ಯಾ ಅಂದರೆ ನಮ್ಮಪ್ಪನ ಅಕ್ಕ. ನಾವು ಗದಗಿನ ಕಡೆಯವರು, ಸೋದರತ್ತೆಯನ್ನು ಹಾಗೆ ಕರೆಯುವುದು ರೂಢಿ. ಅಪ್ಪ ಕಾರ್ಖಾನೆಯ ಕೆಲಸ ಹುಡುಕಿಕೊಂಡು ಯಶವಂತಪುರಕ್ಕೆ ಬಂದವರು. ಎರಡು ವರ್ಷದ ನಂತರ ಅತ್ಯಾ ಕೂಡ ಒಂದು ಟ್ರಂಕು ಹಿಡಿದು ಬಂದಿಳಿದಳು. ಜಾಲಹಳ್ಳಿಯ ಕಡೆಗಿದ್ದ ಒಂದು ಕೈಗಡಿಯಾರದ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದಳು. ಮದುವೆಯಾಗಿರಲಿಲ್ಲ. ನಮ್ಮ ಜೊತೆಗೇ ಇದ್ದಳು. ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ, ಅಂದರೆ ಎಪ್ಪತ್ತರ ದಶಕದ ಕೊನೆಯಲ್ಲಿ, ಅವಳಿಗೆ ನಲವತ್ತು ದಾಟಿತ್ತು.

ಅವಳ ಕೆಲಸವೇನು ಗೊತ್ತೇ? ತಪ್ಪು ಹುಡುಕುವುದು! ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಸಾಸಿವೆಗಿಂತ ಸಣ್ಣ ಗಾಲಿಗಳನ್ನು ಚಿಮಟದಲ್ಲಿ ಎತ್ತಿ ಹಿಡಿದು, ಹಲ್ಲು ಸವೆದಿದೆಯೇ, ಅಂಚು ಮುಕ್ಕಾಗಿದೆಯೇ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೂ ನೋಡುವುದು. ಸರಿಯಿದ್ದರೆ ಒಂದು ಡಬ್ಬಿಗೆ, ಇಲ್ಲದಿದ್ದರೆ ‘ರಿಜೆಕ್ಟ್’ ಡಬ್ಬಿಗೆ. ಇಂಥ ಕಣ್ಣು ಸಂಜೆ ಸೈರನ್ ಕೂಗಿದ ತಕ್ಷಣ ಸುಮ್ಮನಾಗುತ್ತದೆಯೇ? ಮನೆಗೆ ಬಂದರೆ ಅಮ್ಮನ ರೊಟ್ಟಿ ಒಂದು ಕಡೆ ಉಬ್ಬಿರುತ್ತಿತ್ತು. ಅಪ್ಪನ ಮೀಸೆ ಎಡಕ್ಕಿಂತ ಬಲಕ್ಕೆ ಒಂದು ನೂಲು ಉದ್ದವಿರುತ್ತಿತ್ತು. ನನ್ನ ಬೈತಲೆಯಂತೂ ಎಂದೂ ನೇರವಾಗಿರಲೇ ಇಲ್ಲ. ಅಮ್ಮ ರೊಟ್ಟಿಯ ಉಬ್ಬಿದ ಭಾಗ ಅಡಿಗೆ ಬರುವಂತೆ ಮಗುಚಿ ಅವಳ ತಟ್ಟೆಗೆ ಹಾಕುತ್ತಿದ್ದಳು.

ನಮ್ಮ ಸಂಸಾರವನ್ನು ಈ ಸಂಕಟದಿಂದ ಪಾರು ಮಾಡಿದ್ದು ಮಾರ್ಕೆಟ್ ಹಿಂದಿನ ರಾಮಣ್ಣನ ಬಾಡಿಗೆ ಲೈಬ್ರರಿ. ರಾಮಣ್ಣ ಮತ್ತೀಕೆರೆಯ ಹಳೇ ಮನೆತನದವರು. ಹೊಲವೆಲ್ಲ ಸೈಟುಗಳಾದ ಮೇಲೆ ಒಂದು ಕೋಣೆಯಲ್ಲಿ ಪುಸ್ತಕ ತುಂಬಿಕೊಂಡು ಕೂತಿದ್ದರು. ಬಾಗಿಲಿಗೆ ಅಡ್ಡಲಾಗಿ ದಾರ ಕಟ್ಟಿ, ಹೊಸ ಕಾದಂಬರಿಗಳನ್ನು ಕ್ಲಿಪ್ಪು ಹಾಕಿ ಒಗೆದ ಬಟ್ಟೆಯ ಹಾಗೆ ನೇತುಹಾಕುತ್ತಿದ್ದರು. ಅದರಲ್ಲಿ ಅರ್ಧಕ್ಕರ್ಧ ಮಾಯಾಮಂತ್ರದ ಕಾದಂಬರಿಗಳು. ತಿಂಗಳಿಗೊಂದು ಬರುತ್ತಿದ್ದವು. ಹಾರುವ ಕುದುರೆ, ಉರಿಯುವ ತಲೆಬುರುಡೆ, ಹೆಡೆಯೆತ್ತಿದ ಸರ್ಪ, ಮೂರ್ಛೆ ಹೋಗುತ್ತಿರುವ ರಾಜಕುಮಾರಿ! ನಾನು ಅವುಗಳ ಭಕ್ತೆ. ಒಂದು ಶನಿವಾರ ಅತ್ಯಾಳನ್ನು ಜೊತೆಗೆ ಕರೆದುಕೊಂಡು ಹೋದದ್ದೇ ತಪ್ಪಾಯಿತು.

ದಾರದಲ್ಲಿ ಒಬ್ಬ ಮಾಂತ್ರಿಕ ತೂಗಾಡುತ್ತಿದ್ದ. ಮಂಡಿಯವರೆಗೆ ಗಡ್ಡ, ಹಣೆ ತುಂಬ ವಿಭೂತಿ, ಕೈಯಲ್ಲಿ ಮಂತ್ರದಂಡ. ಅತ್ಯಾ ಹತ್ತಿರ ಹೋದಳು. ಕೈಚೀಲದಿಂದ ತನ್ನ ಸ್ವಂತ ಭೂತಗನ್ನಡಿ ತೆಗೆದಳು. ಕಣ್ಣಿಗೆ ಸಿಕ್ಕಿಸಿಕೊಂಡು ಬಹಳ ಹೊತ್ತು ನೋಡಿದಳು.

“ಏನ್ರೀ, ಈ ಮುದುಕಗ ವಯಸ್ಸೆಷ್ಟು?”

“ಸಾವಿರ ವರ್ಸ ಅಂತ ಒಳಗೆ ಬರ್ದವ್ರೆ ಕಣಕ್ಕ,” ಎಂದರು ರಾಮಣ್ಣ.

“ಸಾವಿರ ವರ್ಷದ ಮುದುಕ ಕೈಯಾಗ ವಾಚು ಕಟ್ಯಾನಲ್ರೀ!”

ರಾಮಣ್ಣ ಎದ್ದು ಬಂದರು. ಪುಸ್ತಕ ಆರಿಸುತ್ತಿದ್ದ ನಾಲ್ಕೈದು ಜನ ಬಂದರು. ಹೌದು! ರುದ್ರಾಕ್ಷಿಯ ಪಕ್ಕದಲ್ಲಿ, ಚರ್ಮದ ಪಟ್ಟಿಯ ಕೈಗಡಿಯಾರ ಸ್ಪಷ್ಟವಾಗಿ ಕಾಣಿಸುತ್ತಿತ್ತು.

“ಹತ್ತು ಗಂಟಿ ಹತ್ತು ನಿಮಿಷ ಆಗೇತಿ,” ಅತ್ಯಾ ವರದಿ ಮಾಡಿದಳು. “ಜನರಲ್ ಶಿಫ್ಟಿಗೆ ಹೊಂಟಿದ್ರ ಈಗಾಗಲೇ ತಡಾ ಆಗೇತಿ. ಸೆಕೆಂಡ್ ಮುಳ್ಳು ಬ್ಯಾರೆ ಇಲ್ಲ. ರಿಜೆಕ್ಟ್!”

ಅಂದು ಆ ಕೋಣೆಯಲ್ಲಿ ಎದ್ದ ನಗುವಿಗೆ ದಾರದ ಮೇಲಿದ್ದ ಮಾಂತ್ರಿಕರೆಲ್ಲ ಅಲುಗಾಡಿದರು. ಅತ್ಯಾ ಮೂರು ಪುಸ್ತಕ ಎತ್ತಿಕೊಂಡು ಮನೆಗೆ ಬಂದಳು. ಆ ವಾರ ಅಮ್ಮನ ರೊಟ್ಟಿಯ ಬಗ್ಗೆ ಒಂದು ಮಾತಿಲ್ಲ! ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು.

ಅಲ್ಲಿಂದ ಶುರುವಾಯಿತು. ಪ್ರತಿ ಶನಿವಾರ ಪುಸ್ತಕ ತರುವುದು, ಮುಖಪುಟ ತಪಾಸಣೆ ಮಾಡುವುದು, ಕಾರ್ಖಾನೆಯ ರೀತಿಯಲ್ಲೇ ಒಂದು ಚೀಟಿ ಬರೆದು ಒಳರಟ್ಟಿಗೆ ಗಂಜಿಯಲ್ಲಿ ಅಂಟಿಸಿ ವಾಪಸು ಕೊಡುವುದು. ಮಾತಾಡುವುದು ಗದಗಿನ ಭಾಷೆಯಾದರೂ ಚೀಟಿಯಲ್ಲಿ ಶುದ್ಧ ಗ್ರಾಂಥಿಕ ಕನ್ನಡ. ಕೆಲವು ನನಗೆ ಈಗಲೂ ಬಾಯಿಪಾಠ:

‘ಕುದುರೆ. ರೆಕ್ಕೆಗಳು ಕುತ್ತಿಗೆಗೆ ಅಂಟಿವೆ. ಹಾರಿದರೆ ತಲೆ ಮಾತ್ರ ಇಂದ್ರಲೋಕಕ್ಕೆ ಹೋಗುವುದು, ಉಳಿದದ್ದು ಯಶವಂತಪುರದಲ್ಲಿಯೇ ಇರುವುದು. ರಿಜೆಕ್ಟ್.’

‘ರಾಕ್ಷಸ. ಎಣಿಸಿದಾಗ ನಲವತ್ತೊಂದು ಹಲ್ಲು. ಚೆನ್ನಾಗಿ ಉಜ್ಜಿದ್ದಾನೆ. ಆದಾಗ್ಯೂ ರಿಜೆಕ್ಟ್.’

‘ರಾಜಕುಮಾರಿ. ಎಡಗೈಗೆ ಎರಡು ಹೆಬ್ಬೆರಳು. ಬಲಗೈಗೆ ಒಂದೂ ಇಲ್ಲ. ಹಂಚಿಕೊಳ್ಳಬಹುದಿತ್ತು.’

ಈ ರಾಜಕುಮಾರಿಯ ಬಗ್ಗೆ ಅತ್ಯಾಳಿಗೆ ವಿಶೇಷ ತಕರಾರಿತ್ತು. ಯಾವ ಕಾದಂಬರಿಯಾಗಲಿ, ರಾಜಕುಮಾರಿಗೆ ಒಂದೇ ಮುಖ. ಸರ್ಪ ಎಡಗಡೆ ಹೆಡೆಯೆತ್ತಿದ್ದರೆ ಇವಳು ಬಲಗಡೆ ನೋಡುತ್ತಿದ್ದಳು. ರಾಕ್ಷಸ ಹಿಂದಿನಿಂದ ಬಂದರೂ ಬಲಗಡೆಗೇ ನೋಟ. “ಇಕಿಗೆ ಹಾವಿನ ಹೆದರಿಕಿ ಇಲ್ಲ ನೋಡವಾ. ಆ ಕಡೆ ಏನೋ ಐತಿ. ಬಸ್ಸು ಬರೂದೈತಿ ಅಂತ ಕಾಣ್ತೈತಿ!” ಅನ್ನುತ್ತಿದ್ದಳು.

ರಾಮಣ್ಣನಿಗೆ ಚೀಟಿಗಳು ಕಣ್ಣಿಗೆ ಬಿದ್ದಾಗ ಮೊದಲು ಸಿಟ್ಟು ಬಂತು. “ಏನಕ್ಕ ಇಂಗ್ ಮಾಡ್ಬುಟ್ರಿ! ಇಂಗೆಲ್ಲಾ ಬರ್ದು ಅಂಟ್ಸುದ್ರೆ ನನ್ನ ಪುಸ್ತಕ ಯಾರ್ ತಗೊಂಡೋಯ್ತಾರೆ?” ಅಂದರು. ಮುಂದಿನ ವಾರ ಅವರ ಮುಖ ನೋಡಬೇಕಿತ್ತು. ಜನ ಬಂದು “ಚೀಟಿ ಇರೋ ಪುಸ್ತಕ ಕೊಡಿ” ಎಂದು ಕೇಳತೊಡಗಿದ್ದರು. ಕಾದಂಬರಿ ಬಿಡಿ, ಚೀಟಿ ಓದಲು ಕಾಲೇಜು ಹುಡುಗರು ಆರ್.ಟಿ. ನಗರದಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದರು! ರಾಮಣ್ಣ ಅತ್ಯಾಳಿಗಾಗಿ ಒಂದು ಸ್ಟೂಲು ತಂದಿಟ್ಟರು.

ಒಮ್ಮೆ ಯಲಹಂಕದ ನೆಂಟರ ಮನೆಗೆ ಹೋಗುವಾಗ ಬಸ್ಸಿನಲ್ಲೂ ಅವಳು ಬಿಡಲಿಲ್ಲ. ತೊಡೆಯ ಮೇಲೆ ಪುಸ್ತಕ, ಕಣ್ಣಿಗೆ ಭೂತಗನ್ನಡಿ. ಟಿಕೆಟ್ ಕೊಡಲು ಬಂದ ಕಂಡಕ್ಟರು ಬಗ್ಗಿ ನೋಡಿದ.

“ಏನ್ ಮೇಡಂ, ಹಂಗ್ ನೋಡ್ತಿದೀರಾ?”

“ಈ ರಾಕ್ಷಸನ್ನ ಎಲ್ಲೋ ನೋಡೇನಿ ಅನಸ್ತೈತ್ರಿ.”

ಕಂಡಕ್ಟರು ಪುಸ್ತಕ ಕೈಗೆ ತೆಗೆದುಕೊಂಡ. ಹುಬ್ಬು ಗಂಟಿಕ್ಕಿದ. “ಅಯ್ಯೋ ಗುರುವೇ! ನಮ್ಮ ಸಾಹೇಬ್ರು! ರಜೆ ಚೀಟಿ ಕೊಟ್ಟಾಗ ಥೇಟ್ ಹಿಂಗೇ ನೋಡ್ತಾರೆ!” ಎಂದು ಕೂಗಿ, ಪುಸ್ತಕವನ್ನು ಡ್ರೈವರಿಗೆ ತೋರಿಸಲು ಮುಂದೆ ಓಡಿದ. ಹೆಬ್ಬಾಳದಲ್ಲಿ ಬಸ್ಸು ಮಾಮೂಲಿಗಿಂತ ಹೆಚ್ಚು ಹೊತ್ತು ನಿಂತಿತ್ತು.

ಹೀಗೆ ಸುಖವಾಗಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ತೆಗೆದರೆ ರಾಮಣ್ಣ ನಿಂತಿದ್ದರು, ಮುಖ ಬಿಳುಚಿಕೊಂಡು. ಅವರ ಹಿಂದೆ ಒಬ್ಬ ತೆಳ್ಳಗಿನ ಮನುಷ್ಯ. ಹೆಗಲಲ್ಲಿ ಬಟ್ಟೆಯ ಚೀಲ, ಉಗುರುಗಳ ಸಂದಿಯಲ್ಲಿ ಕೆಂಪು ಹಸಿರು ಬಣ್ಣ, ಕೈಯಲ್ಲಿ ಪುಸ್ತಕಗಳಿಂದ ಕಿತ್ತ ಅತ್ಯಾಳ ಚೀಟಿಗಳ ಒಂದು ಕಟ್ಟು.

“ಇವ್ರು ಆ ಚಿತ್ರ ಬರ್ಯೋರು ಕಣಕ್ಕ,” ಎಂದು ಹೇಳಿ ರಾಮಣ್ಣ ಎರಡು ಹೆಜ್ಜೆ ಹಿಂದಕ್ಕೆ ಸರಿದರು.

ಅತ್ಯಾ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಸೆರಗು ಸರಿಮಾಡಿಕೊಂಡಳು. ಕೂಡ್ರಿ ಅಂದಳು. ಚಹಾ ತರಿಸಿದಳು. ಎರಡು ಸಲ ಕೆಮ್ಮಿದಳು. ಆಮೇಲೆ, “ನಾ ಏನೋ ಚ್ಯಾಷ್ಟಿಗೆ…” ಎಂದು ಶುರುಮಾಡಿದಳು.

ಆತ ಮಾತಿಗೆ ಅಡ್ಡಬಂದರು. “ಮೇಡಂ, ಹದಿನಾಲ್ಕು ವರ್ಷದಿಂದ ಬರೀತಿದೀನಿ. ನನ್ನ ಚಿತ್ರಾನ ಇಷ್ಟು ಹೊತ್ತು ನೋಡಿದೋರು ನೀವೊಬ್ರೇ.”

ಅವರು ಚೀಟಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದರು. ಆರೋಪಗಳಿಗೆಲ್ಲ ಉತ್ತರ ಕೊಡಲು ಬಂದಿದ್ದರು! ಬಾಗಲಗುಂಟೆಯಲ್ಲಿ ಮನೆಯಂತೆ. ಲಾರಿಗಳ ಮೇಲೆ, ಅಂಗಡಿಗಳ ಬೋರ್ಡಿನ ಮೇಲೆ ಬರೆಯುವುದು ಕಸುಬು. ತಿಂಗಳಿಗೊಮ್ಮೆ ಪ್ರಕಾಶಕರು ಹೇಳಿಕಳಿಸುತ್ತಾರೆ: ‘ಗುಹೆ, ಸರ್ಪ, ರಾಜಕುಮಾರಿ. ಬೇಗ ಬೇಕು.’ ಅಷ್ಟೆ. ಕಥೆ ಏನೆಂದು ಇವರಿಗೂ ಗೊತ್ತಿಲ್ಲ.

“ಹಾಗಾದರೆ ನೀವೂ ಓದಿಲ್ಲ!” ಎಂದೆ ನಾನು. ಅತ್ಯಾ ನನ್ನ ತೊಡೆ ಚಿವುಟಿದಳು.

“ಮಾಂತ್ರಿಕನ ಕೈ ಬರೆಯಕ್ಕೆ ಒಂದು ಜಾಹೀರಾತಿನ ಕೈ ನೋಡ್ಕೊಂಡೆ ಮೇಡಂ. ಅದರಲ್ಲಿ ವಾಚ್ ಇತ್ತು, ಕೈ ಅದನ್ನೂ ಬರ್ಕೊಂಡು ಹೋಗಿಬಿಡ್ತು. ಕುದುರೆದು ಏನಂದ್ರೆ, ಬೆನ್ನಿರೋ ಜಾಗದಲ್ಲಿ ಪುಸ್ತಕದ ಹೆಸರು ಬರ್ಬೇಕಿತ್ತು. ರೆಕ್ಕೆ ಮುಂದಕ್ಕೆ ತಳ್ಳಿದೆ.”

“ಮತ್ತ ಆ ರಾಜಕುಮಾರಿ? ಯಾವಾಗಲೂ ಬಲಕ್ಕ ನೋಡ್ತಾಳಲ್ರೀ?”

ಆತ ನಾಚಿಕೊಂಡರು. “ಅವಳು ನಮ್ಮ ಮನೆಯವಳು ಮೇಡಂ. ಸ್ಟೂಲ್ ಮೇಲೆ ಕೂರಿಸಿ ಬರೀತೀನಿ. ಬಲಗಡೆ ಒಲೆ ಇದೆ. ಹಾಲಿಟ್ಟಿರ್ತಾಳೆ.”

ಅತ್ಯಾ ನಕ್ಕ ನಗುವಿಗೆ ಚಹಾ ಬಟ್ಟಲು ಉರುಳಿತು. ಆತನೂ ನಕ್ಕರು. ಬಾಗಿಲಲ್ಲೇ ನಿಂತಿದ್ದ ರಾಮಣ್ಣ ಆಗ ಧೈರ್ಯ ಮಾಡಿ ಒಳಗೆ ಬಂದು ಕೂತರು. ಹೊರಡುವಾಗ ಆತ ಕೇಳಿದರು: “ಅಚ್ಚಾದ ಮೇಲೆ ತಪ್ಪು ಹೇಳಿದ್ರೆ ಏನ್ ಮಾಡ್ಲಿ? ಮುಂಚೇನೇ ಬಂದು ನೋಡಿ ಹೇಳ್ತೀರಾ?”

ಅಲ್ಲಿಂದ ಮುಂದೆ ನಮ್ಮ ಭಾನುವಾರಗಳು ಬಾಗಲಗುಂಟೆಗೆ ಮೀಸಲಾದವು. ದಾಸರಹಳ್ಳಿಯವರೆಗೆ ಬಸ್ಸು, ಆಮೇಲೆ ನಡಿಗೆ. ರಾಜಕುಮಾರಿ, ಅಂದರೆ ಆತನ ಹೆಂಡತಿ, ನಮಗೆ ಉಪ್ಪಿಟ್ಟು ಕೊಡುತ್ತಿದ್ದರು. ನಾನಂತೂ ಮೊದಲ ದಿನ ಉಪ್ಪಿಟ್ಟು ಬಿಟ್ಟು ಅವರ ಹೆಬ್ಬೆರಳುಗಳನ್ನೇ ಎಣಿಸಿದೆ. ಸರಿಯಾಗಿದ್ದವು. ಅತ್ಯಾ ಹಲಗೆಯ ಮುಂದೆ ಕೂತು, ಭೂತಗನ್ನಡಿ ಏರಿಸಿಕೊಂಡು, ಒಂದೊಂದೇ ಬೆರಳು, ಒಂದೊಂದೇ ಗರಿ ತಿದ್ದಿಸುತ್ತಿದ್ದಳು. ಆತ ತಾಳ್ಮೆಯಿಂದ ತಿದ್ದುತ್ತಿದ್ದರು. ನಾಲ್ಕು ತಿಂಗಳಲ್ಲಿ ಕುದುರೆಯ ರೆಕ್ಕೆ ಭುಜಕ್ಕೆ ಬಂತು. ರಾಕ್ಷಸನ ಹಲ್ಲು ಮೂವತ್ತೆರಡಕ್ಕೆ ಇಳಿಯಿತು. ರಾಜಕುಮಾರಿ ಒಲೆಯನ್ನು ಮರೆತು ಸರ್ಪದ ಕಡೆ ನೋಡಿದಳು.

ಆಹಾ, ಎಷ್ಟು ಸರಿಯಾದ ಮುಖಪುಟಗಳು! ಎಷ್ಟು ಸರಿಯೆಂದರೆ, ಒಬ್ಬರೂ ಅವನ್ನು ಮುಟ್ಟಲಿಲ್ಲ!

ರಾಮಣ್ಣನ ದಾರದಲ್ಲಿ ಅವು ತಿಂಗಳುಗಟ್ಟಲೆ ನೇತಾಡಿ ಧೂಳು ಹಿಡಿದವು. “ಏನಕ್ಕ, ಈ ರಾಕ್ಸಸನ್ನ ನೋಡುದ್ರೆ ಎದ್ದು ನಮಸ್ಕಾರ ಮಾಡಂಗಾಯ್ತದೆ,” ಎಂದರು ರಾಮಣ್ಣ. ನಿಜ. ತಿದ್ದಿ ತಿದ್ದಿ ರಾಕ್ಷಸನಿಗೆ ಒಳ್ಳೆ ಮನೆತನದ ಕಳೆ ಬಂದಿತ್ತು. ಹೆದರಲೂ ಏನಿಲ್ಲ, ನಗಲೂ ಏನಿಲ್ಲ.

ಒಂದು ಭಾನುವಾರ ಆತ ಬಣ್ಣ ತರಲು ಹೊರಗೆ ಹೋಗಿದ್ದಾಗ, ಹೆಂಡತಿ ಬಂದು ಅತ್ಯಾಳ ಪಕ್ಕ ಕೂತರು. “ಅಕ್ಕಾ, ಬೇಜಾರ್ ಮಾಡ್ಕೋಬೇಡಿ. ಪ್ರಕಾಶಕರು ಹೇಳಿಕಳಿಸಿದಾರೆ. ಈ ಸಲದ ಪುಸ್ತಕಾನೂ ಹೀಗೇ ಆದ್ರೆ ಬೇರೆಯವರ ಕೈಲಿ ಬರೆಸ್ತಾರಂತೆ. ಇವರು ನಿಮಗೆ ಹೇಳ್ಬೇಡ ಅಂದಿದಾರೆ. ನೀವು ಬರೋದು ನಿಲ್ಲಿಸಿಬಿಡ್ತೀರಿ ಅಂತ ಅವರಿಗೆ ಭಯ.”

ವಾಪಸು ಬರುವಾಗ ಅತ್ಯಾ ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಒಂದೇ ಒಂದು ಮಾತು ಆಡಿದಳು: “ನಾ ಏನ್ ಮಾಡಿಬಿಟ್ಟೆ ನೋಡು.” ಆ ವಾರವೆಲ್ಲ ಅಮ್ಮನ ರೊಟ್ಟಿ ಉಬ್ಬಿದರೂ ಒಂದೇ, ಹರಿದರೂ ಒಂದೇ. ಅಮ್ಮ ಗಾಬರಿಯಾಗಿ, “ಅಕ್ಕಾರ, ಏನಾದರೂ ಅನ್ರೀ!” ಎಂದು ಬೇಡಿಕೊಂಡಳು.

ಮರುಭಾನುವಾರ ಬಾಗಲಗುಂಟೆಗೆ ಹೋದವಳೇ ಅತ್ಯಾ ಆಜ್ಞೆ ಹೊರಡಿಸಿದಳು. “ತಪ್ಪು ಮಾಡ್ರಿ!”

“ಏನ್ ಮೇಡಂ?”

“ಮೊದಲಿನಂಗ ತಪ್ಪು ಬರೀರಿ. ಇನ್ನೊಂದು ಹೆಬ್ಬೆರಳು ಹಾಕ್ರಿ.”

ಆತ ಹಾಕಿದರು. ಅದು ಎಷ್ಟು ಚೆನ್ನಾಗಿ ಬಂತೆಂದರೆ, ಆರು ಬೆರಳೇ ಸರಿ, ನಮ್ಮ ಕೈಯಲ್ಲೇ ಏನೋ ಕಡಿಮೆಯಿದೆ ಅನ್ನಿಸುವಂತಿತ್ತು. “ಬೇಕೂಂತ ಮಾಡಕ್ಕೆ ಬರ್ತಿಲ್ಲ ಮೇಡಂ,” ಎಂದು ಕುಂಚ ಕೆಳಗಿಟ್ಟರು. “ಕೈ ಕಲ್ತುಬಿಟ್ಟಿದೆ.” ಈ ಸಲ ಬರೆಯಬೇಕಾಗಿದ್ದದ್ದು ಒಬ್ಬ ರಾಕ್ಷಸಿಯನ್ನು. ಎರಡು ಸಲ ಬರೆದಿದ್ದರು. ಎರಡು ಸಲವೂ ಅವಳು ಊಟಕ್ಕೆ ಕರೆಯಲು ಬಂದ ಪಕ್ಕದ ಮನೆಯವಳಂತೆ ಕಾಣುತ್ತಿದ್ದಳು.

ಅತ್ಯಾ ಆ ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿದಳು. “ಈಗ ನೋಡಿದ್ದನ್ನ ನೋಡಿದಂಗ ಬರಿಯಾಕ ಬರ್ತೈತಿ ಅಲ್ಲೇನ್ರಿ? ಹಂಗಾದ್ರ ಖರೇ ರಾಕ್ಷಸಿನ್ನ ನೋಡಿ ಬರೀರಿ.”

“ಎಲ್ಲಿಂದ ತರೋದು ಮೇಡಂ?”

ಅತ್ಯಾ ಎದ್ದು ನಿಂತಳು. ಭೂತಗನ್ನಡಿ ತೆಗೆದು ನನ್ನ ಕೈಗಿತ್ತಳು. ತುರುಬು ಬಿಚ್ಚಿದಳು.

ಮುಂದಿನದ್ದನ್ನು ಹೇಗೆ ಹೇಳಲಿ! ಅಂಗಳದ ನಡುವೆ ಅತ್ಯಾ. ತಲೆಯ ಮೇಲೆ ಕಿರೀಟವಾಗಿ ಇಡ್ಲಿ ಪಾತ್ರೆಯ ಮುಚ್ಚಳ. ಕೈಯಲ್ಲಿ ಖಡ್ಗವಾಗಿ ದೋಸೆ ಮಗುಚುವ ಕೈ. ಹುಬ್ಬಿಗೆ ಕಾಡಿಗೆ, ನಾಲಿಗೆಗೆ ಕುಂಕುಮ. ನಾನು ಹಿಂದೆ ಸ್ಟೂಲಿನ ಮೇಲೆ ನಿಂತು ಅವಳ ಕೂದಲನ್ನು ಎರಡೂ ಕೈಯಿಂದ ಎತ್ತಿ ಹಿಡಿದಿದ್ದೆ, ಬಿರುಗಾಳಿಗೆ ಹಾರುವ ಹಾಗೆ. “ಹಾಂ!” ಎಂದು ಅತ್ಯಾ ಕಣ್ಣರಳಿಸಿ ಘರ್ಜಿಸಿದ್ದಕ್ಕೆ ಪಕ್ಕದ ಮನೆಯ ಕರು ಹಗ್ಗ ಕಿತ್ತುಕೊಂಡು ಓಡಿತು. ಕಾಂಪೌಂಡಿನ ಮೇಲೆ ಬಾಗಲಗುಂಟೆಯ ಅರ್ಧ ಜನ ಸೇರಿದ್ದರು. “ಯಾರಿಗೋ ಮೈಮೇಲೆ ಬಂದೈತಂತೆ!” ಎಂದು ಒಬ್ಬ ಅಜ್ಜಿ ಕೈಮುಗಿದುಕೊಂಡೇ ಬಂದರು. ಆತನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು ನಕ್ಕರು. ಅವತ್ತು ಹಾಲು ಉಕ್ಕಿಯೇ ಹೋಯಿತು.

ಹಾಗೆ ಎರಡು ಭಾನುವಾರ ನಿಂತಳು. ಎಲ್ಲರ ಬೆರಳು ಹಲ್ಲು ಎಣಿಸಿ ನಗುತ್ತಿದ್ದವಳು, ಊರೆಲ್ಲ ನೋಡಿ ನಗುವಂತೆ ನಾಲಿಗೆ ಚಾಚಿಕೊಂಡು ನಿಂತಳು.

ಪುಸ್ತಕ ಬಂತು. ಏನು ರಾಕ್ಷಸಿ ಅಂತೀರಿ! ನೋಡಿದವರಿಗೆ ಭಯವೂ ಆಗುತ್ತಿತ್ತು, ನಗುವೂ ಬರುತ್ತಿತ್ತು, ಪಕ್ಕದಲ್ಲಿ ಕೂತು ಮಾತಾಡಿಸಬೇಕು ಎಂದೂ ಅನ್ನಿಸುತ್ತಿತ್ತು. ಯಶವಂತಪುರ ಸ್ಟೇಷನ್ನಿನ ಅಂಗಡಿಯಲ್ಲಿ, ಬಸ್ ಸ್ಟಾಂಡಿನಲ್ಲಿ, ಎಲ್ಲಿ ನೋಡಿದರೂ ನಮ್ಮ ಅತ್ಯಾ ಖಡ್ಗ ಝಳಪಿಸುತ್ತಿದ್ದಳು. ರಾಮಣ್ಣ ಮೂರು ಪ್ರತಿ ತರಿಸಿದರೂ ಸಾಲಲಿಲ್ಲ. ಪ್ರಕಾಶಕರು ಮುಂದಿನ ಪುಸ್ತಕದಲ್ಲೂ ‘ಅದೇ ರಾಕ್ಷಸಿ’ ಇರಲಿ ಅಂದರಂತೆ! ಆತನ ಕೆಲಸ ಉಳಿಯಿತು.

ಕಾರ್ಖಾನೆಯ ಬಸ್ಸಿನಲ್ಲಿ ಅವಳ ಜೊತೆಯವರು ಪುಸ್ತಕ ಹಿಡಿದು, ಅವಳನ್ನೊಮ್ಮೆ ಅದನ್ನೊಮ್ಮೆ ನೋಡಿದರಂತೆ. ಬಾಯಿಬಿಡುವ ಧೈರ್ಯ ಯಾರಿಗೂ ಇಲ್ಲ. ಕೊನೆಗೆ ಅತ್ಯಾಳೇ ಎದ್ದು ನಿಂತು ಕಣ್ಣರಳಿಸಿ “ಹಾಂ!” ಅಂದಳಂತೆ. ಆಮೇಲೆ ಇಳಿಯುವವರೆಗೂ ಬಸ್ಸು ನಕ್ಕಿತಂತೆ.

ನಗದವರು ಅಪ್ಪ ಒಬ್ಬರೇ. ಪುಸ್ತಕವನ್ನು ಮೇಜಿನ ಮೇಲೆ ಕುಕ್ಕಿದರು. “ಮನಿತನದ ಮರ್ಯಾದಿ ಹೋತಲ್ಲ ಅಕ್ಕ!”

“ಎಲ್ಲಿಗೆ ಹೋತೋ? ಮನಿ ಮನಿಗೂ ಹೋಗೇತಿ. ಓದಾಕತ್ತಾರ,” ಎಂದು ಅತ್ಯಾ ರೊಟ್ಟಿ ಮುರಿದಳು.

ಮುಂದಿನ ವಾರ ಬಾಗಲಗುಂಟೆಗೆ ಹೋದಾಗ ಅಲ್ಲಿ ಹಬ್ಬದಡುಗೆ. ಊಟ ಮುಗಿದು ನಾವು ಹೊರಟು ನಿಂತಾಗ ಆತ ಒಂದು ಹಾಳೆ ತಂದು ಅತ್ಯಾಳ ಕೈಗೆ ಕೊಟ್ಟರು. ಪೆನ್ಸಿಲಿನ ಚಿತ್ರ. ಒಬ್ಬ ಹೆಂಗಸಿನ ಮುಖ. ಕಿರೀಟವಿಲ್ಲ, ಕಾಡಿಗೆಯಿಲ್ಲ, ಚಾಚಿದ ನಾಲಿಗೆಯಿಲ್ಲ. ಯಾರೋ ಏನೋ ಹೇಳಿದ್ದಕ್ಕೆ ಈಗ ತಾನೇ ನಗಲು ಹೊರಟ ಹಾಗಿದ್ದಳು.

“ಯಾರಿಕಿ?” ಎಂದು ಕೇಳಿದಳು ಅತ್ಯಾ.

“ನೀವೇ ಅಕ್ಕಾ,” ಎಂದರು ಆತನ ಹೆಂಡತಿ. “ಮೊದಲು ನಿಮ್ಮನ್ನ ಇದ್ದಹಾಗೆ ಬರ್ಕೊಂಡ್ರು. ಆಮೇಲೆ ಅದನ್ನ ನೋಡ್ಕೊಂಡು ರಾಕ್ಷಸಿ ಮಾಡಿದ್ರು. ಅದಕ್ಕೇ ಎರಡು ವಾರ ಹಿಡೀತು.”

ಅತ್ಯಾ ಭೂತಗನ್ನಡಿಗೆ ಕೈಹಾಕಲಿಲ್ಲ. ಹಾಳೆಯನ್ನು ಎರಡು ರಟ್ಟುಗಳ ನಡುವೆ ಇಡಿಸಿಕೊಂಡು, ಎದೆಗವಚಿಕೊಂಡು ದಾಸರಹಳ್ಳಿಯವರೆಗೆ ನಡೆದಳು. ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ ಮತ್ತೆ ತೆಗೆದು ನೋಡಿದಳು. ತುಮಕೂರು ರಸ್ತೆಯ ಲಾರಿಗಳು ಸದ್ದು ಮಾಡುತ್ತ ಹಾದುಹೋಗುತ್ತಿದ್ದವು. ಅಷ್ಟು ಗದ್ದಲದಲ್ಲಿ, ಎಂದೂ ಹೇಳಿರದ ಒಂದು ಸಂಗತಿಯನ್ನು, ಯಾರದೋ ಕಥೆ ಹೇಳುವ ಹಾಗೆ ಹೇಳಿದಳು.

“ಗದಗಿನ್ಯಾಗ ನನ್ನ ನೋಡಾಕ ಒಂಬತ್ತು ಮಂದಿ ಬಂದಿದ್ರವಾ. ಒಬ್ಬರು ಎತ್ತರ ಹೆಚ್ಚಾತು ಅಂದ್ರು. ಒಬ್ಬರು ಹಲ್ಲು ಅಂದ್ರು. ಉಳದವ್ರೆಲ್ಲಾ ಮೂಗು ಅಂದ್ರು. ಉಪ್ಪಿಟ್ಟು ತಿಂದು, ನನ್ನ ಮುಂದನ ಹೇಳಿ ಹೋದ್ರು.”

ನಾನು ಅವಳ ತೋಳು ಹಿಡಿದುಕೊಂಡೆ. ಅವಳು ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತುದಿಬೆರಳಿನಿಂದ, ಪೆನ್ಸಿಲಿನ ಗೆರೆ ಅಳಿಸೀತು ಎಂಬಂತೆ ತಾಗಿಯೂ ತಾಗದ ಹಾಗೆ, ಮೂಗಿನ ಮೇಲೆ ಬೆರಳಾಡಿಸಿದಳು.

“ಇಷ್ಟು ಚಂದ ಐತಿ ಅಂತ ಗೊತ್ತ ಇದ್ದಿಲ್ಲ ನೋಡವಾ,” ಅಂದಳು.